ಗೋಡೆಗಳ ಚಿತ್ರಕಾರ ಥಿಯೊಫಿಲೊಸ್

10 ಮೇ 2025, ಶನಿವಾರ

ಮಧ್ಯಾಹ್ನ ಊಟ ಮುಗಿಸಿ ಥಿಯೊಫಿಲೊಸ್‌ನ ಚಿತ್ರಗಳನ್ನು ನೋಡೋಣ ಅಂತ ಕೂತವಳು ಏಳುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಪೂರ್ತಿ ಹೆಸರು ಥಿಯೊಫಿಲೊಸ್ ಹಜಿಮಿಹಾಯಿಲ್. ಗ್ರೀಸ್‌ನ ಲೆಸ್ವೋಸ್ ದ್ವೀಪದವನು. ಮನಸ್ಸಿನಲ್ಲಿ ಇರುವುದನ್ನು ಇವತ್ತೇ ಬರೆದಿಡುತ್ತೇನೆ.

ಅವನು ಹುಟ್ಟಿದ್ದು 1870ರ ಸುಮಾರಿಗೆ, ಮಿಟಿಲಿನಿ ಪಟ್ಟಣದ ಪಕ್ಕದ ವರಿಯಾ ಎಂಬ ಹಳ್ಳಿಯಲ್ಲಿ. ಆಗ ಆ ದ್ವೀಪ ಇನ್ನೂ ತುರ್ಕರ ಆಳ್ವಿಕೆಯಲ್ಲಿತ್ತು. ಅಪ್ಪ ಚಪ್ಪಲಿ ಹೊಲಿಯುವವನು. ತಾಯಿಯ ತಂದೆ ಚರ್ಚುಗಳಿಗೆ ಸಂತರ ಚಿತ್ರ ಬರೆಯುತ್ತಿದ್ದವರು. ಬಣ್ಣ ಅರೆಯುವುದು, ಕಲಸುವುದು ಎಲ್ಲ ಆ ಅಜ್ಜನ ಹತ್ತಿರವೇ ಕಣ್ಣಿಗೆ ಬಿದ್ದಿರಬೇಕು. ಹುಡುಗ ಎಡಚ, ಓದಿನಲ್ಲಿ ಮನಸ್ಸಿಲ್ಲ. ಹರೆಯಕ್ಕೆ ಬರುತ್ತಲೇ ಸಮುದ್ರ ದಾಟಿ ಸ್ಮಿರ್ನಾ ಸೇರಿದ. ಈಗ ಅದು ತುರ್ಕಿಯ ಇಜ್ಮಿರ್. ಅಲ್ಲಿನ ಗ್ರೀಕ್ ದೂತಾವಾಸದಲ್ಲಿ ಬಾಗಿಲು ಕಾಯುವ ಕೆಲಸ.

1897ರ ಗ್ರೀಕ್–ತುರ್ಕಿ ಯುದ್ಧದ ಹೊತ್ತಿಗೆ ಗ್ರೀಸ್‌ನ ವೋಲೋಸ್ ಎಂಬ ಊರಿನ ಕಡೆ ಬಂದ. ಮುಂದೆ ಸುಮಾರು ಮೂವತ್ತು ವರ್ಷ ಅವನ ಬದುಕು ಆ ಊರಿನಲ್ಲಿ, ಅದರ ಹಿಂದಿನ ಪೀಲಿಯೋನ್ ಬೆಟ್ಟದ ಹಳ್ಳಿಗಳಲ್ಲಿ. ಕಾಫಿ ಅಂಗಡಿ, ಹೋಟೆಲು, ದಿನಸಿ ಅಂಗಡಿ, ಯಾರದಾದರೂ ಮನೆ: ಗೋಡೆ ಕೊಟ್ಟರೆ ಸಾಕು, ಚಿತ್ರ ಬರೆಯುತ್ತಿದ್ದ. ಕೂಲಿ ಅಂದರೆ ಎಷ್ಟೋ ಸಲ ಒಂದು ಊಟ, ಒಂದು ಲೋಟ ವೈನ್, ರಾತ್ರಿ ಮಲಗಲು ಜಾಗ, ಅಷ್ಟೇ. ಅಲೆಕ್ಸಾಂಡರ್, 1821ರ ಸ್ವಾತಂತ್ರ್ಯ ಹೋರಾಟದ ವೀರರು, ಪುರಾಣದ ದೇವರುಗಳು, ಎರೊತೊಕ್ರಿತೊಸ್ ಮತ್ತು ಅರೆತೂಸಾ ಎಂಬ ಪ್ರೇಮಿಗಳು. ಚಿತ್ರದ ಅಂಚಿನಲ್ಲಿ ಯಾರು, ಏನು ಅಂತ ತನ್ನದೇ ಕಾಗುಣಿತದಲ್ಲಿ ಬರೆದೂ ಇಡುತ್ತಿದ್ದ.

ಅವನ ಉಡುಪೂ ಚಿತ್ರದೊಳಗಿನವರದ್ದೇ. ಫುಸ್ತನೆಲ್ಲಾ ಎನ್ನುವ ನೆರಿಗೆ ನೆರಿಗೆಯ ಬಿಳಿ ಲಂಗ ಉಟ್ಟು ಓಡಾಡುತ್ತಿದ್ದ. ಹಳೆಯ ವೀರರು ಪಿಸ್ತೂಲು ಸಿಕ್ಕಿಸಿಕೊಳ್ಳುತ್ತಿದ್ದ ಸೊಂಟಪಟ್ಟಿಯಲ್ಲಿ ಇವನು ಕುಂಚ ಸಿಕ್ಕಿಸಿಕೊಳ್ಳುತ್ತಿದ್ದನಂತೆ. ಕಾರ್ನಿವಲ್ ಹಬ್ಬ ಬಂತೆಂದರೆ ತಾನೇ ಅಲೆಕ್ಸಾಂಡರ್, ಬೀದಿ ಮಕ್ಕಳೆಲ್ಲ ಅವನ ಸೈನ್ಯ. ದೊಡ್ಡವರು ನಗುತ್ತಿದ್ದರು. ಒಮ್ಮೆ ಕಾಫಿ ಅಂಗಡಿಯಲ್ಲಿ ಏಣಿ ಹತ್ತಿ ಬಣ್ಣ ಹಚ್ಚುತ್ತಿದ್ದಾಗ ಯಾರೋ ತಮಾಷೆಗೆ ಏಣಿ ಎಳೆದು ಬೀಳಿಸಿದರು ಅಂತ ಹೇಳುತ್ತಾರೆ. 1927ರಲ್ಲಿ ಲೆಸ್ವೋಸ್‌ಗೆ ವಾಪಸ್ ಹೋದ. ಆ ಏಣಿಯ ಸಂಗತಿ ಓದಿದಾಗಿನಿಂದ ಹೊಟ್ಟೆಯಲ್ಲಿ ಸಂಕಟ.

ಬೇಕರಿಯವನ ಚಿತ್ರ ಇವತ್ತು ಬಹಳ ಹೊತ್ತು ಹಿಡಿದು ಕೂರಿಸಿತು. ಒಲೆಯ ಮುಂದೆ ಬೇಕರಿಯವನು, ಕೈಯಲ್ಲಿ ಉದ್ದ ಹಿಡಿಯ ಮರದ ಹಲಗೆ, ಹಲಗೆಯ ಮೇಲೆ ಬ್ರೆಡ್ಡು. ಹಲಗೆ ಅಡ್ಡಡ್ಡ ಇದೆ ಅಂದರೆ ಬ್ರೆಡ್ಡಿನ ಅಂಚು ಮಾತ್ರ ಕಾಣಬೇಕು ಅಲ್ವಾ? ಇವನು ಬ್ರೆಡ್ಡುಗಳನ್ನು ನಮ್ಮ ಕಡೆ ಮುಖ ಮಾಡಿಸಿ, ದುಂಡಗೆ, ಪೂರ್ತಿ ಬರೆದಿದ್ದಾನೆ. ಹೀಗಾದರೆ ಬಿದ್ದುಹೋಗುತ್ತವಲ್ಲ ಅಂತ ಯಾರೋ ಕೇಳಿದರಂತೆ. ಯೋಚಿಸಬೇಡಿ, ಬೀಳೋದು ನಿಜವಾದ ಬ್ರೆಡ್ಡು ಮಾತ್ರ, ಚಿತ್ರದಲ್ಲಿ ಎಲ್ಲವೂ ಕಾಣಿಸಬೇಕು ಅಂದನಂತೆ. ಇದನ್ನು ಬರೆದಿಟ್ಟವರು ಕವಿ ಸೆಫೆರಿಸ್, 1963ರಲ್ಲಿ ನೊಬೆಲ್ ಪಡೆದವರು.

ನನ್ನ ಭಾನುವಾರದ ಡ್ರಾಯಿಂಗ್ ಕ್ಲಾಸಿನ ಮಕ್ಕಳು ಮೇಜು ಬರೆದರೆ ನಾಲ್ಕೂ ಕಾಲು ಬರೆಯುತ್ತಾರೆ, ಮೇಲಿನ ತಟ್ಟೆಯನ್ನೂ ದುಂಡಗೆ ಬರೆಯುತ್ತಾರೆ. ಅದು ತಪ್ಪು ಅಂತ ಅಪ್ಪ ಅಮ್ಮ ತಿದ್ದಿಸುತ್ತಾರೆ. ನಾಳೆ ಈ ಚಿತ್ರದ ಪ್ರಿಂಟ್ ತಗೊಂಡು ಹೋಗಿ ತೋರಿಸುತ್ತೇನೆ, ಅಪ್ಪ ಅಮ್ಮಂದಿರಿಗೂ. ದೂರ–ಹತ್ತಿರದ ಲೆಕ್ಕ ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಬ್ರೆಡ್ಡು ಪೂರ್ತಿ ಕಾಣಲಿ ಅಂತ ಆಸೆಪಟ್ಟವನು ಕಲಿಯದವನಲ್ಲ. ತನಗೆ ಏನು ಬೇಕು ಅಂತ ಗೊತ್ತಿದ್ದವನು.

ಇನ್ನು ತೆರಿಯಾದ್. ಅವನೂ ಲೆಸ್ವೋಸ್‌ನವನೇ, ಪ್ಯಾರಿಸ್‌ನಲ್ಲಿ ಕಲಾಪುಸ್ತಕಗಳ ಪ್ರಕಾಶಕನಾಗಿ ಹೆಸರು ಮಾಡಿದವನು. ಮತೀಸ್, ಶಗಾಲ್ ಎಂಬ ಹೆಸರಾಂತ ಚಿತ್ರಕಾರರ ಜೊತೆ ಕೆಲಸ ಮಾಡಿದವನು. 1920ರ ದಶಕದ ಕೊನೆಗೆ ಥಿಯೊಫಿಲೊಸ್‌ನ ಕೆಲಸ ನೋಡಿ ಚಿತ್ರ ಬರೆಯುವ ಬಟ್ಟೆ, ಬಣ್ಣ, ದುಡ್ಡು ಕೊಟ್ಟು ಬರೆಯಲು ಹೇಳಿದ. ಥಿಯೊಫಿಲೊಸ್ ಬರೆದೇ ಬರೆದ. 1934ರ ಮಾರ್ಚ್‌ನಲ್ಲಿ ತೀರಿಕೊಂಡ. ಹೆಸರು ಬಂದದ್ದು ಆಮೇಲೆ. 1961ರಲ್ಲಿ ಪ್ಯಾರಿಸ್‌ನ ಲೂವ್ರ್ ಕಟ್ಟಡದಲ್ಲಿ ಅವನ ಚಿತ್ರಗಳ ಪ್ರದರ್ಶನ. 1965ರಲ್ಲಿ ವರಿಯಾದ ಆಲಿವ್ ತೋಪಿನ ನಡುವೆ ತೆರಿಯಾದ್ ಕಟ್ಟಿಸಿದ ಮ್ಯೂಸಿಯಂ ಬಾಗಿಲು ತೆರೆಯಿತು. ಅಲ್ಲಿ 86 ಚಿತ್ರಗಳಿವೆ.

ತೆರಿಯಾದ್ ಮಾಡಿದ್ದು ದೊಡ್ಡ ಕೆಲಸ, ಅವನಿಲ್ಲದಿದ್ದರೆ ನಾನು ಇವತ್ತು ನೋಡಿದ್ದರಲ್ಲಿ ಬಹುಪಾಲು ಇರುತ್ತಲೇ ಇರಲಿಲ್ಲ. ಆದರೆ ಪ್ಯಾರಿಸ್‌ನಿಂದ ಬಂದವನು ಥಿಯೊಫಿಲೊಸ್‌ನನ್ನು ಪತ್ತೆ ಹಚ್ಚಿದ ಅಂತ ಎಲ್ಲರೂ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಬಟ್ಟೆಯ ಮೇಲೆ ಬರೆದದ್ದನ್ನು ಸುತ್ತಿ ಒಯ್ಯಬಹುದು, ಗೋಡೆ ನಿಂತಲ್ಲೇ ಇರಬೇಕು. ಅಂಗಡಿ ಕೈ ಬದಲಾದರೆ ಸುಣ್ಣ ಬಳಿಯುತ್ತಾರೆ, ಮನೆ ಹಳತಾದರೆ ಕೆಡವುತ್ತಾರೆ. ಅವನ ಎಷ್ಟೋ ಗೋಡೆಗಳು ಹಾಗೇ ಹೋದವು. ಹಾಗಾಗಿ ಕೊನೆಯ ಕೆಲವು ವರ್ಷಗಳೇ ಅವನ ಇಡೀ ಬದುಕು ಅನ್ನುವ ಹಾಗೆ ಕಾಣುತ್ತದೆ. ಮೂವತ್ತು ವರ್ಷ ಅವನಿಗೆ ಗೋಡೆ ಕೊಟ್ಟವರು ಕಾಫಿ ಅಂಗಡಿಯವರು, ಹಳ್ಳಿಯವರು. ಊಟ ಮಾತ್ರ ಹಾಕಿರಬಹುದು, ಆದರೂ ತಮ್ಮ ಗೋಡೆಯ ಮೇಲೆ ಅವನ ಚಿತ್ರ ಇರಲಿ ಅಂದುಕೊಂಡವರು.

ಅಂಥವರಲ್ಲಿ ಒಬ್ಬನ ಹೆಸರು ಉಳಿದಿದೆ: ಯಾನಿಸ್ ಕೊಂತೋಸ್. ವೋಲೋಸ್ ಪಕ್ಕದ ಅನಕಾಸಿಯಾದಲ್ಲಿ ಅವನ ಮನೆ. 1912ರಲ್ಲಿ ಆ ಮನೆಯ ಒಂದು ಅಂತಸ್ತಿನ ಗೋಡೆಗಳನ್ನು ಥಿಯೊಫಿಲೊಸ್‌ಗೆ ಒಪ್ಪಿಸಿದ. ಮೇಲಿನ ಸಾಲಿನಲ್ಲಿ ಕುದುರೆಯೇರಿದ ವೀರರು, ಕಾಳಗಗಳು, ದೇವರುಗಳು. ಕೆಳಗೆ ಹೂಗಿಡ, ಪ್ರಾಣಿಗಳು. ಫೋಟೋದಲ್ಲೇ ಇಷ್ಟು ತುಂಬಿಕೊಂಡಿದೆ. ಆ ಮನೆ ಉಳಿದಿದೆ, ಈಗ ಅದೂ ಮ್ಯೂಸಿಯಂ. ತೆರಿಯಾದ್ ಹುಡುಕಿ ಬರುವುದಕ್ಕೆ ಹದಿನೈದು ವರ್ಷಕ್ಕೂ ಜಾಸ್ತಿ ಮುಂಚೆ ಬರೆದ ಗೋಡೆಗಳು ಅವು. ಗ್ರೀಸ್‌ಗೆ ಹೋಗುವ ಯೋಗ ಯಾವತ್ತಾದರೂ ಬಂದರೆ ವರಿಯಾಗೆ ಹೋಗದೆ ಇರಲಾರೆ. ಆದರೆ ಮೊದಲು ಹೋಗುವುದು ಅನಕಾಸಿಯಾಗೆ.