ಲೋಮನಾಳದ ಮಾದರಿ: ಮೂರನೆಯ ವಾರದ ಟಿಪ್ಪಣಿ

ತಂದೆಯವರ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಮೂಡುತ್ತಿದ್ದ ಕುಳಿ ಬಹಳ ಹೊತ್ತು ಹಾಗೆಯೇ ಉಳಿಯುತ್ತಿತ್ತು. ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾದುದೇ ಆ ಊತಕ್ಕೆ ಕಾರಣವೆಂದು ತಿಳಿದ ಮೇಲೆ, ಪ್ರೋಟೀನೊಂದು ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಬಗೆಯನ್ನು ಕಣ್ಣಾರೆ ನೋಡಲೇಬೇಕೆನಿಸಿ ಈ ಮಾದರಿಯನ್ನು ಕೈಗೆತ್ತಿಕೊಂಡೆ. ಅತಿ ಸಣ್ಣ ರಕ್ತನಾಳವಾದ ಲೋಮನಾಳದ ಗೋಡೆಯ ಬದಲಿಗೆ, ನೀರು ಮತ್ತು ಉಪ್ಪು ದಾಟಬಲ್ಲ ಆದರೆ ಪ್ರೋಟೀನ್ ದಾಟಲಾರದ ಡಯಾಲಿಸಿಸ್ ಪೊರೆಯ ಕೊಳವೆ, ರಕ್ತದ ದ್ರವಭಾಗವಾದ ಪ್ಲಾಸ್ಮಾದ ಬದಲಿಗೆ ಬಟ್ಟೆಯಲ್ಲಿ ಸೋಸಿದ ಮೊಟ್ಟೆಯ ಬಿಳಿಭಾಗ, ಒತ್ತಡವನ್ನು ಅಳೆಯಲು ನೆಟ್ಟಗೆ ನಿಲ್ಲಿಸಿದ ಗಾಜಿನ ನಳಿಕೆ: ಇಷ್ಟೇ ಸಲಕರಣೆ.

ಮೊದಲ ವಾರ ಹೊರಗಿನ ಪಾತ್ರೆಯಲ್ಲಿ ಬರಿಯ ನೀರನ್ನಿಟ್ಟದ್ದು ತಪ್ಪಾಯಿತು. ನಳಿಕೆಯಲ್ಲಿ ದ್ರವ ಸರಸರನೆ ಏರಿ, ಆಮೇಲೆ ಇಳಿಯತೊಡಗಿತು. ಅದನ್ನು ಏರಿಸಿದ್ದರಲ್ಲಿ ಪ್ರೋಟೀನಿಗಿಂತ ಹೆಚ್ಚಿನ ಪಾಲು ಪೊರೆಯನ್ನು ದಾಟಿ ಹೊರಹೋಗುತ್ತಿದ್ದ ಉಪ್ಪಿನದು. ಉಪ್ಪು ಕಳೆದುಕೊಂಡ ಬಿಳಿಭಾಗ ಹಾಲಿನಂತೆ ಕದಡಿಹೋಗಿತ್ತು, ಏಕೆಂದರೆ ಅದರಲ್ಲಿರುವ ಗ್ಲೋಬ್ಯುಲಿನ್ ಎಂಬ ಪ್ರೋಟೀನ್‌ಗಳು ಉಪ್ಪಿಲ್ಲದ ನೀರಿನಲ್ಲಿ ಕರಗಿ ನಿಲ್ಲುವುದಿಲ್ಲ. ಎರಡನೆಯ ವಾರ ಪೊರೆಯ ಎರಡೂ ಕಡೆ ಲೀಟರಿಗೆ 9 ಗ್ರಾಂ ಉಪ್ಪಿರುವಂತೆ ನೋಡಿಕೊಂಡೆ. ಆಗ ದ್ರವ ನಿಧಾನವಾಗಿ ಏರಿ, ಮರುದಿನ ಬೆಳಿಗ್ಗೆ 17 ಸೆಂಟಿಮೀಟರ್‌ನಲ್ಲಿ ನಿಂತಿತ್ತು. ಮನುಷ್ಯನ ಪ್ಲಾಸ್ಮಾದ ಪ್ರೋಟೀನ್‌ಗಳ ಸೆಳೆತ ಸುಮಾರು 25 ಮಿಲಿಮೀಟರ್ ಪಾದರಸದಷ್ಟು, ಎಂದರೆ 34 ಸೆಂಟಿಮೀಟರ್ ನೀರಿನ ಎತ್ತರ. ನನ್ನ ಬಿಳಿಭಾಗ ಅರ್ಧಕ್ಕೆ ತೆಳುವಾಗಿದ್ದುದನ್ನೂ ಪೊರೆ ಹಿಗ್ಗಿದುದನ್ನೂ ಗಮನಿಸಿದರೆ ಈ ಫಲಿತಾಂಶ ನನಗೆ ತೃಪ್ತಿ ತಂದಿದೆ.

ಈ ವಾರ ಹೊರಗಿನ ಪಾತ್ರೆಗೂ ಅದೇ ಬಿಳಿಭಾಗದ ಮಿಶ್ರಣವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹೋದೆ. ನಳಿಕೆಯ ಮಟ್ಟ ಇಳಿಯುತ್ತ ಬಂದಿತು. 1896ರಲ್ಲಿ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಹಿಂಗಾಲುಗಳಲ್ಲಿ ಕಂಡದ್ದೂ ಇದನ್ನೇ: ಅಂಗಾಂಶಕ್ಕೆ ಸೇರಿಸಿದ ಉಪ್ಪುನೀರನ್ನು ರಕ್ತ ಹೀರಿಕೊಂಡಿತು, ಪ್ರೋಟೀನಿರುವ ಸೀರಮ್ಮನ್ನು ಹೀರಿಕೊಳ್ಳಲಿಲ್ಲ. ಸೆಳೆತವನ್ನು ನಿರ್ಧರಿಸುವುದು ಒಳಗಿನ ಪ್ರೋಟೀನ್ ಒಂದೇ ಅಲ್ಲ, ಒಳಗಿನದಕ್ಕೂ ಹೊರಗಿನದಕ್ಕೂ ಇರುವ ಅಂತರ.

ಇಲ್ಲಿಂದಲೇ ಪಠ್ಯಪುಸ್ತಕದ ಚಿತ್ರದ ಮೇಲಿನ ನನ್ನ ನಂಬಿಕೆ ಸಡಿಲವಾಯಿತು. ಲೋಮನಾಳದ ಅಪಧಮನಿಯ ತುದಿಯಲ್ಲಿ 35 ಮಿಲಿಮೀಟರ್ ಪಾದರಸದ ಒತ್ತಡವಿರುವುದರಿಂದ ದ್ರವ ಹೊರಬರುತ್ತದೆ, ಅಭಿಧಮನಿಯ ತುದಿಯಲ್ಲಿ ಅದು 15ಕ್ಕೆ ಇಳಿಯುವುದರಿಂದ ಮರಳಿ ಒಳಸೇರುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಆದರೆ ಪ್ರೋಟೀನನ್ನು ನಿಜವಾಗಿ ತಡೆಯುವುದು ನಾಳದ ಒಳಮೈಗೆ ಹೊದಿಸಿದ ಗ್ಲೈಕೋಕ್ಯಾಲಿಕ್ಸ್ ಎಂಬ ನವಿರು ಪದರ. ಶರೀರಶಾಸ್ತ್ರಜ್ಞರಾದ ಲೆವಿಕ್ ಮತ್ತು ಮೈಕೆಲ್ 2010ರಲ್ಲಿ ವಿವರಿಸಿದಂತೆ, ಲೆಕ್ಕಕ್ಕೆ ಬರುವುದು ಆ ಪದರದ ಸರಿಯಾಗಿ ಹಿಂದಿರುವ ಪ್ರೋಟೀನ್. ಹೊರಹರಿವು ನಿಧಾನವಾದೊಡನೆ ಅಲ್ಲಿ ಪ್ರೋಟೀನ್ ಕೂಡಿಕೊಂಡು ಒಳಸೆಳೆತವನ್ನು ಅಳಿಸಿಬಿಡುತ್ತದೆ. ಹೀಗಾಗಿ ಹೆಚ್ಚಿನ ಅಂಗಾಂಶಗಳಲ್ಲಿ ಹೊರಬಂದ ದ್ರವ ದುಗ್ಧನಾಳಗಳ (ಅಂಗಾಂಶದ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳ) ಮೂಲಕವೇ ಹಿಂದಿರುಗಬೇಕು. ಮೂತ್ರಪಿಂಡ ಮತ್ತು ಕರುಳು ಇದಕ್ಕೆ ಹೊರತು, ಏಕೆಂದರೆ ಅಲ್ಲಿ ಪ್ರೋಟೀನಿಲ್ಲದ ದ್ರವ ಸದಾ ಹರಿದುಬಂದು ಆ ಜಾಗವನ್ನು ತೊಳೆಯುತ್ತಿರುತ್ತದೆ.

ಮುಂದಿನ ವಾರ ಪೊರೆಯ ಹೊರಗೆ ಇನ್ನೊಂದು ಸಡಿಲವಾದ ಬಟ್ಟೆಯ ಚೀಲ ತೊಡಿಸಿ, ನಡುವಿನ ಕಿರಿದಾದ ಜಾಗಕ್ಕಷ್ಟೇ ಬಿಳಿಭಾಗ ಹಾಕಿ, ನಳಿಕೆಯ ಮಟ್ಟವನ್ನು ಗಂಟೆಗೊಮ್ಮೆ ಗುರುತಿಸಬೇಕಾಗಿದೆ. ಬಟ್ಟೆ ಹೊಲಿದಾಗಿದೆ.