ತೂತು ಬಿದ್ದ ಚಿಪ್ಪುಗಳ ಡಬ್ಬಿ: ನಾಲ್ಕನೇ ತಿಂಗಳು

ತೂತು ಬಿದ್ದ ಚಿಪ್ಪು ಹೆಕ್ಕಲು ಈ ತಿಂಗಳು ಕಾಪುವಿನ ಕಡಲ ದಂಡೆಗೆ ಹೋಗಲು ಆದದ್ದು ಎರಡೇ ಸಲ. ಎರಡನೇ ಸಲ ಹೋದದ್ದು ಅಮಾವಾಸ್ಯೆ ಕಳೆದ ಮಾರನೇ ದಿನ, ಬೆಳಗಿನ ಇಳಿತಕ್ಕೆ. ದೀಪಸ್ತಂಭದ ಹತ್ತಿರದ ಬಂಡೆಗಳು ಚೆನ್ನಾಗಿ ತೆರೆದುಕೊಂಡಿದ್ದವು.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಹೋದ ತಿಂಗಳು ತಂದ ಖಾಲಿ ಚಿಪ್ಪುಗಳ ಮೇಲೆ ಬಿಳಿ ಪದರ ಹಿಡಿದಿತ್ತು. ವಿನೆಗರ್‌ಗೆ ಹಾಕಿದರೆ ಹೋಗುತ್ತದೆ ಅಂತ ರಾತ್ರಿ ನೆನೆಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಪದರವೂ ಇಲ್ಲ, ಬಣ್ಣವೂ ಇಲ್ಲ. ತೆಳ್ಳಗಿನದೊಂದು ಬೆರಳು ತಾಗಿದ್ದಕ್ಕೇ ಹಪ್ಪಳದ ಹಾಗೆ ಮುರಿಯಿತು. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿಗೆ ಕರಗದೆ ಇರುತ್ತದಾ? ಇನ್ನು ಮುಂದೆ ಸೋಪಿನ ನೀರು, ಹಳೇ ಟೂತ್‌ಬ್ರಶ್, ಅಷ್ಟೇ.

ಮಜಾ ಏನೆಂದರೆ, ನಾನು ಹೆಕ್ಕುತ್ತಿರುವ ತೂತುಗಳನ್ನು ಮಾಡುವುದೂ ಇಂಥದೇ ಒಂದು ಆಮ್ಲ. ಮರಳಿನೊಳಗೆ ಓಡಾಡುವ ಗುಂಡಗಿನ ಕಡಲ ಬಸವನಹುಳು ಮೂನ್ ಸ್ನೇಲ್, ಮರುವಾಯಿಯನ್ನು (ಎರಡು ಚಿಪ್ಪಿನ ಕಪ್ಪೆಚಿಪ್ಪು) ತನ್ನ ದೊಡ್ಡ ಪಾದದಿಂದ ಅಪ್ಪಿ ಹಿಡಿಯುತ್ತದೆ. ಆಮ್ಲ ಒಸರುವ ಮೆತ್ತನೆಯ ಅಂಗವನ್ನು ಚಿಪ್ಪಿಗೆ ಒತ್ತುತ್ತದೆ. ಆಮೇಲೆ ಹಲ್ಲುಗಳಿರುವ ರಿಬ್ಬನ್‌ನಂಥ ನಾಲಿಗೆಯಿಂದ ಕೆರೆಯುತ್ತದೆ. ಮತ್ತೆ ಆಮ್ಲ, ಮತ್ತೆ ಕೆರೆತ. ಚಿಪ್ಪು ದಪ್ಪ ಇದ್ದರೆ ಈ ಕೆಲಸ ದಿನಗಟ್ಟಲೆ ನಡೆಯುತ್ತದೆ.

ದಂಡೆಯಲ್ಲಿ ಸಿಕ್ಕ ಅಕ್ಕ ಒಬ್ಬರು ನನ್ನ ಚೀಲ ಇಣುಕಿ, "ಒಟ್ಟೆ ಆದದ್ದನ್ನು ಎಂತಕ್ಕೆ ಹೆಕ್ಕುದು ಮಾರಾಯ್ರೇ? ಅದ್ರಲ್ಲಿ ಎಂತ ಉಂಟು?" ಅಂದರು. ಒಟ್ಟೆಯೇ ಬೇಕಾದದ್ದು ಅಂದೆ. ನಕ್ಕು ಮುಂದೆ ಹೋದರು.

ಈಗ ಎರಡು ಡಬ್ಬಿ ಮಾಡಿದ್ದೇನೆ. ತೂತು ಹೊರಗೆ ಅಗಲ, ಒಳಗೆ ಹೋಗುತ್ತಾ ಕಿರಿದು, ಸ್ಕ್ರೂ ತಲೆ ಕೂರಿಸಲು ಕೊರೆದ ಹಾಗೆ ಇದ್ದರೆ ಮೂನ್ ಸ್ನೇಲ್ ಡಬ್ಬಿಗೆ. ಗೋಡೆ ನೆಟ್ಟಗಿದ್ದರೆ ಇನ್ನೊಂದಕ್ಕೆ. ಅದು ಹೆಚ್ಚಾಗಿ ಮ್ಯೂರೆಕ್ಸ್ ಬಳಗದ ಬಸವನಹುಳುಗಳ ಕೆಲಸ. ಎಷ್ಟೋ ಚಿಪ್ಪುಗಳು ತೆರೆಗೆ ಸವೆದಿರುತ್ತವೆ, ಅವನ್ನು ಸುಮ್ನೆ ವಾಪಸ್ ಎಸೆಯುತ್ತೇನೆ.

ಈ ತಿಂಗಳ ಬಹುಮಾನ ಒಂದು ಅರ್ಧ ಕೊರೆದ ತೂತು. ಲೆನ್ಸ್ ಹಿಡಿದು ನೋಡಿದೆ. ತಳ ಚಪ್ಪಟೆ ಇಲ್ಲ, ನಡುವೆ ಸಣ್ಣ ಉಬ್ಬು ಎದ್ದಿದೆ, ಕಡುಬಿನ ತಟ್ಟೆಯಲ್ಲಿ ಒಂದು ಸಾಸಿವೆ ಕೂತ ಹಾಗೆ. ಮೂನ್ ಸ್ನೇಲ್ ಅರ್ಧಕ್ಕೆ ಬಿಟ್ಟ ತೂತಿಗೆ ಇದೇ ಗುರುತು. ಯಾಕೆ ಬಿಟ್ಟಿತೋ, ತೆರೆ ಬಂದು ಎಳೆದಿರಬೇಕು. ಮರುವಾಯಿ ಅವತ್ತು ಬಚಾವ್.

ಬಂಡೆಯ ಮೇಲಿನವರ ಕಥೆ ಬೇರೆ. ಅಲ್ಲಿ ಬಿಸಿಲೇ ದೊಡ್ಡ ಶತ್ರು. ನೆರೈಟ್ ಅಂತ ಕರೆಯುವ, ಕಡಲೆಕಾಳಿನಿಂದ ಗೋಲಿಯವರೆಗಿನ ಗಾತ್ರದ ದಪ್ಪ ಚಿಪ್ಪಿನ ಬಸವನಹುಳುಗಳು ಕಲ್ಲಿನ ಬಿರುಕಿನಲ್ಲಿ ಗುಂಪಾಗಿ ಕೂತಿರುತ್ತವೆ, ಕಲ್ಲಿನಷ್ಟೇ ಗಟ್ಟಿ ಮುಚ್ಚಳ ಎಳೆದುಕೊಂಡು. ಖಾಲಿ ಚಿಪ್ಪೊಂದನ್ನು ಸ್ಯಾಂಡ್‌ಪೇಪರ್ ಮೇಲೆ ಅರ್ಧಕ್ಕೆ ಉಜ್ಜಿದೆ. ಒಂದೂವರೆ ಗಂಟೆ ಹಿಡಿಯಿತು, ಉಗುರೂ ಸವೆಯಿತು. ಒಳಗೆ ಸುರುಳಿ ಮೆಟ್ಟಿಲು ಕಾಣುತ್ತದೆ ಅಂದುಕೊಂಡಿದ್ದೆ. ಇಲ್ಲವೇ ಇಲ್ಲ! ಬರೀ ಒಂದು ಖಾಲಿ ಕೋಣೆ. ಬೆಳೆಯುತ್ತಾ ಹೋದ ಹಾಗೆ ಹುಳು ತಾನೇ ಒಳಗಿನ ಗೋಡೆಗಳನ್ನು ಕರಗಿಸಿಕೊಳ್ಳುತ್ತದೆ. ಜಾಗ ಜಾಸ್ತಿಯಾದರೆ ನೀರೂ ಜಾಸ್ತಿ ಹಿಡಿಸುತ್ತದೆ, ಇಳಿತದಲ್ಲಿ ಒಣಗದೆ ಉಳಿಯಲು ಅದು ಬೇಕು. ಪಕ್ಕದಲ್ಲೇ ಟರಿಟೆಲ್ಲಾ ಅನ್ನುವ ಇನ್ನೊಂದು ಬಸವನಹುಳುವಿನ ಸ್ಕ್ರೂನಂಥ ಉದ್ದ ಚಿಪ್ಪನ್ನೂ ಉಜ್ಜಿ ನೋಡಿದೆ. ಅದರಲ್ಲಿ ನಡುಕಂಬ, ಮಹಡಿ ಮೇಲೆ ಮಹಡಿ, ಎಲ್ಲಾ ಇದೆ.

ಜೀವ ಇರುವುದನ್ನು ಮುಟ್ಟಿಲ್ಲ. ಸನ್ಯಾಸಿ ಏಡಿ ಸೇರಿಕೊಂಡ ಚಿಪ್ಪನ್ನೂ ಅಲ್ಲೇ ಬಿಟ್ಟೆ. ಹೊರಡುವ ಮೊದಲು ಎಂಥದೋ ರಬ್ಬರಿನ ಕಾಲರ್ ತುಂಡು ಬಿದ್ದಿದೆ ಅಂತ ಎತ್ತಿದೆ. ಮರಳನ್ನೂ ಲೋಳೆಯನ್ನೂ ಕಲಸಿ ಮಾಡಿದ ಮೂನ್ ಸ್ನೇಲ್‌ನ ಮೊಟ್ಟೆ ಪಟ್ಟಿ ಅದು! ಫೋಟೋ ತೆಗೆದು ನೀರಿಗೇ ಬಿಟ್ಟೆ.

ಒಂದು ಮಾತ್ರ ಇನ್ನೂ ಮೇಜಿನ ಮೇಲಿದೆ. ನುಣುಪಾದ ಮೂನ್ ಸ್ನೇಲ್ ಚಿಪ್ಪು, ಅದರ ಮೈಯಲ್ಲೇ ಹೊರಗೆ ಅಗಲ, ಒಳಗೆ ಕಿರಿದಾದ ತೂತು. ತನ್ನವರನ್ನೇ ತಿಂದದ್ದು! ಮೂನ್ ಸ್ನೇಲ್ ಡಬ್ಬಿಯಲ್ಲಿ ಕೊರೆದವರ ಹೆಸರಿಗೆ ಹಾಕಲಾ, ತುತ್ತಾದವರಿಗೆ ಬೇರೆ ಡಬ್ಬಿ ಮಾಡಲಾ?