ಚಿಲ್ಲರೆ ಖರ್ಚು

ಮಗಳಿಗೆ ಒಂದು ವರ್ಷ ಮೂರು ತಿಂಗಳಾದಾಗ ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಲು ನಾನೂ ಇವರೂ ಪೋಸ್ಟಾಫೀಸಿಗೆ ಹೋಗಿದ್ದೆವು. ಶುರು ಮಾಡಲು 250 ರೂಪಾಯಿ ಸಾಕು. ಇವರು ಸಾವಿರ ಕಟ್ಟೋಣ ಅಂದರು. ಮೊದಲ ದುಡ್ಡು ನಾನೇ ಹಾಕಬೇಕು ಅಂತ ನನಗೆ ಆಸೆ. ಎಟಿಎಂಗೆ ಹೋಗುವ ಮೊದಲು ಫೋನಿನಲ್ಲಿ ಬ್ಯಾಲೆನ್ಸ್ ನೋಡಿದೆ. 412 ರೂಪಾಯಿ! 15 ವರ್ಷ ಕಟ್ಟಬೇಕಾದ ಖಾತೆಗೆ ಮೊದಲನೇ ದಿನವೇ ನನ್ನ ಹತ್ತಿರ ದುಡ್ಡಿಲ್ಲ.

"ರೀ, ನೀವೇ ಹಾಕಿ" ಅಂದೆ.

"ಯಾಕೆ, ನಿನ್ನ ಹತ್ರ ಇಲ್ವಾ?"

ಕೊಂಕೇನಲ್ಲ, ಅವರಿಗೆ ನಿಜವಾಗಲೂ ಆಶ್ಚರ್ಯ. ನನಗೆ ಮಾತ್ರ ಹಿಂದೆ ನಿಂತ ಅಜ್ಜಿಯ ಮುಖ ನೋಡಲಾಗಲಿಲ್ಲ.

ಮದುವೆಯಾದಾಗಿನಿಂದ ನಮ್ಮದು ಅರ್ಧ-ಅರ್ಧ ಲೆಕ್ಕ. ಬಾಡಿಗೆ, ದಿನಸಿ, ಊರಿನ ಬಸ್ ಟಿಕೆಟ್, ಎಲ್ಲವೂ. ಹೆರಿಗೆಗೆ 26 ವಾರ ಸಂಬಳದ ರಜೆ ಸಿಕ್ಕಿತು. ಅದು ಮುಗಿದ ಮೇಲೆ ಮಗು ನೋಡಿಕೊಳ್ಳುವವರಿಲ್ಲ. ಅಮ್ಮನಿಗೆ ಮಂಡಿ ನೋವು, ಅತ್ತೆಗೆ ತೋಟ ಬಿಟ್ಟು ಬರಲು ಆಗಲ್ಲ. ನಾನು ಕೆಲಸ ಬಿಟ್ಟೆ. ಯಾರು ಬಿಡಬೇಕು ಅನ್ನೋ ಮಾತೇ ಬರಲಿಲ್ಲ, ನೋಡಿ.

ಆಮೇಲೆ ಬಾಡಿಗೆಯೂ, ಕಟ್ಟುತ್ತಿರುವ ಫ್ಲಾಟಿನ ಕಂತೂ ಇವರ ಪಾಲಿಗೆ ಹೋಯಿತು. ಡೈಪರ್, ಜ್ವರದ ಸಿರಪ್, ತರಕಾರಿ ಗಾಡಿಯವನ 60 ರೂಪಾಯಿ ನನ್ನ ಫೋನಿಂದ. ಚಿಲ್ಲರೆ ತಾನೇ, ಇದಕ್ಕೆಲ್ಲ ಕೇಳೋದೇನು ಅಂತ ಹಳೇ ಉಳಿತಾಯದಿಂದಲೇ ಕೊಟ್ಟುಕೊಂಡು ಬಂದೆ.

ಆ ರಾತ್ರಿ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಕೂಡಿದೆ. ಮಗಳು ಇವರ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಒಂಬತ್ತು ತಿಂಗಳಲ್ಲಿ 93 ಸಾವಿರ.

"ನಿಮ್ಮ ಕಂತಿಗೆ ನಿಮ್ಮ ಹೆಸರಲ್ಲಿ ಫ್ಲಾಟಿನ ಪತ್ರ ಬರುತ್ತೆ. ನನ್ನ ಡೈಪರ್‌ಗೆ ಏನು ಬರುತ್ತೆ?"

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿಂಗಳಿಗೆ ಎಷ್ಟು ಬೇಕು ಹೇಳು, ಹಾಕ್ತೀನಿ" ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದಿದ್ದು. ಆದರೆ ನನಗೆ ಇನ್ನೂ ಜಾಸ್ತಿ ಉರಿಯಿತು. "ಸಂಬಳ ಕೊಡ್ತಿದ್ದೀರಾ ನಂಗೆ?"

ಮಗು ಎದ್ದು ಅಳತೊಡಗಿತು. ಜಗಳ ಅಲ್ಲಿಗೇ ನಿಂತಿತು.

ಈಗ ಜಂಟಿ ಖಾತೆ ಇದೆ. ಕಂತು ಹೋಗಿ ಉಳಿದ ಸಂಬಳ ಅಲ್ಲಿಗೆ ಬೀಳುತ್ತದೆ, ಇಬ್ಬರ ಹತ್ತಿರವೂ ಕಾರ್ಡ್ ಇದೆ. ಫ್ಲಾಟಿಗೆ ನನ್ನ ಹೆಸರೂ ಸೇರಿಸುವ ಮಾತು ಇನ್ನೂ "ನೋಡೋಣ"ದಲ್ಲೇ ಇದೆ.

ಮೊನ್ನೆ 850 ರೂಪಾಯಿ ಕೊಟ್ಟು ಚಪ್ಪಲಿ ತಂದೆ. ಬಾಗಿಲಲ್ಲೇ "ಆಫರ್‌ನಲ್ಲಿತ್ತು ರೀ" ಅಂದೆ. ಇವರು ಏನೂ ಕೇಳಿಯೇ ಇರಲಿಲ್ಲ.